ಎಳೆಯ ಮಕ್ಕಳೊಂದಿಗೆ ಜಾನಪದ ಲೋಕ: ಮೂರು ಭೇಟಿಗಳ ನಂತರ

ರಾಮನಗರದ ಬಳಿಯ ಜಾನಪದ ಲೋಕಕ್ಕೆ ಕಳೆದ ಎರಡು ವರ್ಷಗಳಲ್ಲಿ ನಾವು ಮೂರು ಸಲ ಹೋಗಿ ಬಂದಿದ್ದೇವೆ. ಮೊದಲ ಸಲ ಹೋದಾಗ ಮಗಳಿಗೆ ನಾಲ್ಕು ತುಂಬಿತ್ತು, ಮಗನಿಗೆ ಏಳು. ಈ ತಾಣದ ಬಗ್ಗೆ ಬರುವ ಅಭಿಪ್ರಾಯಗಳಲ್ಲಿ ಹೆಚ್ಚಿನವು ಮೈಸೂರಿನ ದಾರಿಯಲ್ಲಿ ಒಂದು ಗಂಟೆ ಇಳಿದು ನೋಡಿದ ದೊಡ್ಡವರ ಮಾತುಗಳು. ಸಂಗ್ರಹ ಚೆನ್ನಾಗಿದೆ, ಆವರಣ ತಂಪಾಗಿದೆ, ಪಕ್ಕದಲ್ಲಿ ಊಟಕ್ಕೆ ಅನುಕೂಲವಿದೆ ಎಂಬಲ್ಲಿಗೆ ಅವು ಮುಗಿಯುತ್ತವೆ. ಇನ್ನೂ ಸರಾಗವಾಗಿ ಓದಲು ಬಾರದ, ನೂರು ವರ್ಷದ ಹಿಂದೆ ಎಂದರೆ ಅಜ್ಜಿಯ ಮದುವೆಯ ಕಾಲವೋ ಡೈನೋಸಾರ್‌ಗಳ ಕಾಲವೋ ಎಂಬ ವ್ಯತ್ಯಾಸ ತಿಳಿಯದ ಮಗುವಿಗೆ ಈ ಜಾಗದಿಂದ ಏನು ದಕ್ಕುತ್ತದೆ, ಅದನ್ನು ದಕ್ಕಿಸಿಕೊಡಲು ಹೆತ್ತವರು ಏನು ಮಾಡಬೇಕಾಗುತ್ತದೆ ಎಂಬುದಷ್ಟನ್ನೇ ನಾನು ಇಲ್ಲಿ ಪರಿಶೀಲಿಸುತ್ತೇನೆ.

ಮೊದಲು ತಾಣದ ಪರಿಚಯ. ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯಲ್ಲಿ 1915ರಲ್ಲಿ ಹುಟ್ಟಿದ ಎಚ್. ಎಲ್. ನಾಗೇಗೌಡರು ಐಎಎಸ್ ಅಧಿಕಾರಿಯಾಗಿದ್ದವರು. ಹಳ್ಳಿಗಳ ಹಾಡು, ಕಥೆ, ಕುಣಿತ, ಪಾತ್ರೆ, ಪಗಡೆಗಳ ಹಿಂದೆ ಬಿದ್ದು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಕಟ್ಟಿದರು. ಹಾಡುಗಾರರ ದನಿಯನ್ನು ಧ್ವನಿಮುದ್ರಿಸಿದರು, ಊರೂರು ತಿರುಗಿ ವಸ್ತುಗಳನ್ನು ಕೂಡಿಹಾಕಿದರು. ಅವನ್ನೆಲ್ಲ ಇರಿಸಲು ಸುಮಾರು 15 ಎಕರೆಯಲ್ಲಿ ರೂಪಿಸಿದ ಜಾನಪದ ಲೋಕ 1994ರಲ್ಲಿ ತೆರೆಯಿತು. ಮರುವರ್ಷ ಮುಧೋಳದ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರಾದರು, 2005ರಲ್ಲಿ ತೀರಿಕೊಂಡರು. ಆವರಣದಲ್ಲಿ ಲೋಕಮಾತಾ ಮಂದಿರ, ಚಿತ್ರ ಕುಟೀರ, ಲೋಕ ಮಹಲ್, ಶಿಲ್ಪಮಾಳ, ಆಯಗಾರಮಾಳ, ದೊಡ್ಡಮನೆ ಎಂದು ಹಂಚಿಹೋದ ಕಟ್ಟಡಗಳಿವೆ, ಬಯಲು ರಂಗಮಂದಿರವಿದೆ. ಒಂದೇ ಸೂರಿನಡಿ ಎಲ್ಲವನ್ನೂ ತುಂಬದೆ ಬಯಲಲ್ಲಿ ಬೇರೆ ಬೇರೆ ಮನೆಗಳಾಗಿ ಬಿಟ್ಟಿರುವುದು ಎಳೆಯ ಮಕ್ಕಳಿಗೆ ಎಷ್ಟು ಉಪಕಾರಿ ಎಂಬುದು ಅಲ್ಲಿ ನಡೆದಾಡಿದವರಿಗೇ ಗೊತ್ತು. ಒಂದು ಕೋಣೆಯಲ್ಲಿ ಹತ್ತು ನಿಮಿಷ ಸುಮ್ಮನಿದ್ದ ಮಗು ಮುಂದಿನ ಕೋಣೆಗೆ ಹೋಗುವ ಮುನ್ನ ಮರದ ಕೆಳಗೆ ಓಡಬಹುದು.

ಇಲ್ಲಿಗೆ ಬರುವ ಮುನ್ನ ನಾವು ಎರಡು ಬೇರೆ ದಾರಿಗಳನ್ನು ಹಿಡಿದು ನೋಡಿದ್ದೆವು. ಭಾರತೀಯ ವಾದ್ಯಗಳನ್ನು ಮಕ್ಕಳಿಗೆ ಪರಿಚಯಿಸುತ್ತೇವೆ ಎನ್ನುವ ಒಂದು ಆ್ಯಪ್‌ಗೆ ವರ್ಷದ ಚಂದಾ ಕಟ್ಟಿದೆವು. ಅದರಲ್ಲಿ ಡೊಳ್ಳನ್ನು ಒತ್ತಿದರೂ ಮೃದಂಗವನ್ನು ಒತ್ತಿದರೂ ಹೆಚ್ಚುಕಡಿಮೆ ಒಂದೇ ಬಗೆಯ ಯಂತ್ರದ ಸದ್ದು ಹೊರಡುತ್ತಿತ್ತು, ಮಗಳು ಮೂರನೆಯ ದಿನ ಅದನ್ನು ಬಿಟ್ಟು ಬಣ್ಣ ತುಂಬುವ ಆಟಕ್ಕೆ ಹೋದಳು. ಆಮೇಲೆ ಮಕ್ಕಳಿಗಾಗಿ ಎಂದು ಪ್ರಚಾರ ಮಾಡಿದ್ದ ಒಂದು ಪಾರಂಪರಿಕ ನಡಿಗೆಗೆ ಹೆಸರು ಕೊಟ್ಟೆವು. ನಡೆಸಿಕೊಟ್ಟವರು ಬಲ್ಲವರು, ಆದರೆ ಎರಡು ಗಂಟೆ ಬಿಸಿಲಲ್ಲಿ ನಿಲ್ಲಿಸಿ ರಾಜರ ಹೆಸರು ಮತ್ತು ಇಸವಿಗಳನ್ನು ಒಪ್ಪಿಸಿದರು. ಮಗನಿಗೆ ಆ ದಿನದಿಂದ ಉಳಿದದ್ದು ಕೋಟೆಯ ಗೋಡೆಯ ಬಿರುಕಿನಲ್ಲಿ ಕಂಡ ಓತಿಕ್ಯಾತ ಮಾತ್ರ. ಹೆಸರುಗಳನ್ನು ಬೇಕೆಂದೇ ಬಿಟ್ಟಿದ್ದೇನೆ, ಏಕೆಂದರೆ ಈ ಕೊರತೆ ಆ ಇಬ್ಬರದೇ ಅಲ್ಲ. ಚಿಕ್ಕವರಿಗಾಗಿ ಎಂದು ಮಾರುವ ಬಹಳಷ್ಟು ಸರಕು ದೊಡ್ಡವರ ಪಾಠವನ್ನೇ ತುಂಡರಿಸಿ ಮೇಲೆ ಕಾರ್ಟೂನಿನ ಹೊದಿಕೆ ಹೊದಿಸಿದ್ದಾಗಿರುತ್ತದೆ.

ಜಾನಪದ ಲೋಕಕ್ಕೆ ನಮ್ಮ ಮೊದಲ ಭೇಟಿಯೂ ಕೆಟ್ಟಿತು, ಮತ್ತು ಆ ತಪ್ಪು ಪೂರ್ತಿ ನಮ್ಮದು. ಇಷ್ಟು ದೂರ ಬಂದಿದ್ದೇವೆ, ಎಲ್ಲವನ್ನೂ ನೋಡಿಬಿಡೋಣ ಎಂಬ ಹಟದಲ್ಲಿ ಚಿತ್ರ ಕುಟೀರದಿಂದ ಆರಂಭಿಸಿ ಲೋಕ ಮಹಲಿನ ಮೇಲಂತಸ್ತಿನವರೆಗೆ ಮಕ್ಕಳನ್ನು ಎಳೆದುಕೊಂಡು ಹೋದೆವು. ಸಾವಿರಾರು ವಸ್ತುಗಳಿರುವ ಕಡೆ ನಾಲ್ಕು ವರ್ಷದ ಮಗುವಿಗೆ ಕಾಣುವುದು ಒಂದೂ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಮಗಳು ನೆಲದ ಮೇಲೆ ಕುಳಿತು ಅಳುತ್ತಿದ್ದಳು, ಮಗ ಪ್ರತಿ ಫಲಕದ ಮುಂದೆಯೂ 'ಇದಾಯ್ತು, ನಡಿ' ಎನ್ನುತ್ತಿದ್ದ. ಹಿಂದಿರುಗುವಾಗ ಕಾರಿನಲ್ಲಿ ಅವರಿಬ್ಬರನ್ನೂ ಏನು ನೋಡಿದಿರಿ ಎಂದು ಕೇಳಿದೆ. ಮಗ ಕತ್ತಿ ಎಂದ, ಮಗಳು ಐಸ್‌ಕ್ರೀಮ್ ಎಂದಳು. ಅಷ್ಟಕ್ಕೇ ಈ ಬರಹ ಬರೆದಿದ್ದರೆ ಜಾಗ ಎಳೆಯ ಮಕ್ಕಳಿಗೆ ತಕ್ಕದ್ದಲ್ಲ ಎಂದು ಬರೆದುಬಿಡುತ್ತಿದ್ದೆನೇನೋ.

ಎರಡನೆಯ ಸಲ ಎರಡು ಬದಲಾವಣೆ ಮಾಡಿಕೊಂಡೆವು. ಒಂದೇ ಕಟ್ಟಡ ನೋಡುವುದು ಎಂದು ಮೊದಲೇ ನಿಶ್ಚಯಿಸಿದೆವು. ಮಂಡ್ಯದ ಕಡೆಯ ಹಳ್ಳಿಯಲ್ಲಿ ಬೆಳೆದ ನಮ್ಮ ಅತ್ತೆಯವರನ್ನು ಜೊತೆಗೆ ಕರೆದೊಯ್ದೆವು. ಆಯ್ದುಕೊಂಡದ್ದು ಲೋಕಮಾತಾ ಮಂದಿರ, ಅಂದರೆ ಅಡುಗೆಮನೆ, ಕಣಜ, ಅಳತೆ, ಬುಟ್ಟಿಗಳ ಲೋಕ. ಹೆಸರು ಗುಡಿಯಂತಿದ್ದರೂ ಒಳಗಿರುವುದು ಹೆಂಗಸರ ದುಡಿಮೆಯ ಸಾಮಾನು: ಬೀಸುವ ಕಲ್ಲು, ಒನಕೆ, ಮೊರ, ಕಡೆಗೋಲು, ಮಡಕೆಗಳು, ಧಾನ್ಯ ತುಂಬಿಡುವ ವಾಡೆ. ಅತ್ತೆಯವರು ಮೊದಮೊದಲು ಇದೇನು ದುಡ್ಡು ಕೊಟ್ಟು ನೋಡುವ ವಸ್ತುವೇ ಎಂಬ ಮುಖ ಮಾಡಿದರು. ವಾಡೆಯ ಮುಂದೆ ಬಂದಾಗ ಮೊಮ್ಮಗಳು, 'ಅಜ್ಜಿ, ಇಷ್ಟೆತ್ತರದ ಡಬ್ಬದಿಂದ ರಾಗಿ ಹೇಗೆ ತೆಗೀತಿದ್ರಿ, ಒಳಗೆ ಇಳೀತಿದ್ರಾ?' ಎಂದು ಕೇಳಿದಳು. 'ಇಳಿಯಾದ್ಯಾಕವ್ವ, ಕೆಳಗೆ ತೂತು ಐತೆ ನೋಡು. ಬಟ್ಟೆ ಕಿತ್ತರೆ ರಾಗಿ ತಾನೇ ಸುರೀತದೆ. ಮತ್ತೆ ಬಟ್ಟೆ ಗಿಡಿಯಾಕೆ ಬರಬೇಕು, ಇಲ್ಲಾಂದ್ರೆ ಮನೆ ತುಂಬ ರಾಗಿ' ಎಂದರು ಅತ್ತೆ. ಹಾಗೆ ಒಂದು ಸಲ ಮನೆ ತುಂಬ ರಾಗಿ ಆದ ಕಥೆಯನ್ನೂ ಹೇಳಿದರು. ಮಗಳು ಮಂಡಿಯೂರಿ ಆ ತೂತನ್ನು ಎಷ್ಟೋ ಹೊತ್ತು ನೋಡಿದಳು. ಅವಳ ಕಣ್ಣಿನ ಮಟ್ಟಕ್ಕೆ ಅದೇ ಸರಿಯಾಗಿತ್ತು.

ಬೀಸುವ ಕಲ್ಲಿನ ಬಳಿ ಸಂಗೀತ ತಾನಾಗಿ ಬಂತು. ಎರಡು ಕಲ್ಲು, ಮೇಲಿನದಕ್ಕೆ ನಡುವೆ ಕಾಳು ಸುರಿಯುವ ಬಾಯಿ, ಅಂಚಿನಲ್ಲಿ ಹಿಡಿದು ತಿರುಗಿಸುವ ಗೂಟ. ಎದುರುಬದರು ಕುಳಿತ ಇಬ್ಬರು ಒಂದೇ ಗೂಟ ಹಿಡಿದು ತಿರುಗಿಸುವಾಗ ಕೈ ಕೈಗೆ ಹೊಂದಬೇಕು. ಹೊಂದಲು ಲಯ ಬೇಕು. ಬೆಳಗಿನ ಜಾವದ ನಿದ್ದೆ ಹೋಗಲಾಡಿಸಲು ಮಾತು ಬೇಕು. ಬೀಸುವ ಪದ ಹುಟ್ಟಿದ್ದು ಆ ಅಗತ್ಯಗಳಿಂದಲೇ. ಇದನ್ನು ನಾನು ಮಗನಿಗೆ ವಿವರಿಸಲು ಹೊರಟಾಗ ಅವನು ಕೇಳಲಿಲ್ಲ. ಅತ್ತೆಯವರು ಅವನ ಎರಡು ಕೈಗಳನ್ನೂ ಹಿಡಿದು ಗಾಳಿಯಲ್ಲಿ ಕಲ್ಲು ತಿರುಗಿಸುವಂತೆ ಸುತ್ತಿಸಿ ಎರಡು ಸಾಲು ಗುನುಗಿದಾಗ, ಹಾಡಿನ ಸಾಲು ಎಲ್ಲಿ ಮುಗಿಯುತ್ತದೋ ಅಲ್ಲೇ ಸುತ್ತೂ ಮುಗಿಯುತ್ತದೆ ಎಂಬುದು ಅವನಿಗೆ ಹೊಳೆಯಿತು. ಆ ಹಾಡಿನ ಅರ್ಥ ಅವನಿಗೆ ಆಗಲಿಲ್ಲ, ಅರ್ಥ ಹೇಳುವ ಗೊಡವೆಗೂ ನಾವು ಹೋಗಲಿಲ್ಲ.

ಹಿರಿಯರೊಬ್ಬರು ಜೊತೆಗಿರುವುದರ ಇನ್ನೊಂದು ಲಾಭ ಮಾತಿನದು. ಅತ್ತೆಯವರು ಮೊರ ಎಂದ ವಸ್ತುವನ್ನು ಮಲೆನಾಡಿನ ನಮ್ಮ ತಾಯಿ ಗೆರಸೆ ಎನ್ನುತ್ತಾರೆ. ಒಂದೇ ವಸ್ತುವಿಗೆ ಎರಡು ಅಜ್ಜಿಯರ ಬಾಯಲ್ಲಿ ಎರಡು ಹೆಸರಿರುವುದು ಮಗಳಿಗೆ ಒಗಟಿನಂತೆ ಹಿಡಿಸಿ, ಆ ವಾರ ಇಬ್ಬರಿಗೂ ಫೋನ್ ಮಾಡಿ ಮನೆಯಲ್ಲಿರುವ ಒಂದೊಂದು ಪಾತ್ರೆಯ ಹೆಸರನ್ನೂ ಕೇಳಿದಳು. ಅಳತೆಗಳದ್ದೂ ಹೀಗೆಯೇ. ಸೇರು, ಪಾವು, ಚಟಾಕುಗಳನ್ನು ಗಾಜಿನಾಚೆಯಿಂದ ನೋಡಿ ಬಂದ ಮೇಲೆ ಅತ್ತೆಯವರು ತಮ್ಮ ಹಿತ್ತಾಳೆಯ ಪಾವನ್ನು ಅಟ್ಟದಿಂದ ಇಳಿಸಿಕೊಟ್ಟರು. ನಾಲ್ಕು ಪಾವಿಗೆ ಒಂದು ಸೇರು ಎಂದು ನಾವು ಹೇಳುವುದಕ್ಕೂ ಅವಳೇ ಅಕ್ಕಿ ಸುರಿದು ಎಣಿಸಿ ತಿಳಿಯುವುದಕ್ಕೂ ಬಹಳ ಅಂತರವಿದೆ. ಮೊದಲ ಸಲ ಅವಳ ಲೆಕ್ಕದಲ್ಲಿ ಐದಾಯಿತು. ಅವಳು ಪಾವನ್ನು ಅಂಚಿನವರೆಗೆ ಸಮವಾಗಿ ತುಂಬಿ ತಲೆಮಟ್ಟ ಮಾಡದೆ ಅರ್ಧರ್ಧ ಸುರಿದಿದ್ದಳು. ತಲೆಗುಂಭ ಎಂದರೇನು, ತಲೆಮಟ್ಟ ಎಂದರೇನು, ಅಳೆಯುವವನು ಹೇಗೆ ಮೋಸ ಮಾಡಬಹುದು ಎಂಬ ಚರ್ಚೆ ಆ ಭಾನುವಾರ ಮಧ್ಯಾಹ್ನವನ್ನೆಲ್ಲ ತಿಂದಿತು.

ಇನ್ನು ವಾದ್ಯಗಳ ಮಾತು, ಏಕೆಂದರೆ ಸಂಗೀತಕ್ಕಾಗಿಯೇ ಹೋಗುವವರು ಮೊದಲು ಹುಡುಕುವುದು ಅವನ್ನು. ಲೋಕ ಮಹಲಿನಲ್ಲಿ ವಾದ್ಯಗಳು, ಕುಣಿತದ ವೇಷಭೂಷಣ, ಗೊಂಬೆಗಳು, ಆಯುಧಗಳು ಒಟ್ಟಿಗಿವೆ. ಸಂಗ್ರಹಾಲಯದ ವಸ್ತುವನ್ನು ಮುಟ್ಟಬಾರದು ಎಂಬ ನಿಯಮ ಆ ವಸ್ತುವಿನ ಆಯುಸ್ಸಿಗಾಗಿ ಇರುವುದು, ಅದನ್ನು ದೂರುವುದು ಅವಿವೇಕ. ಆದರೆ ಐದು ವರ್ಷದ ಮಗುವಿಗೆ ಸದ್ದು ಮಾಡದ ಡೋಲು ಒಂದು ಪೀಪಾಯಿ ಅಷ್ಟೆ. ಆದ್ದರಿಂದ ಸದ್ದನ್ನು ನಾವೇ ಕೊಂಡೊಯ್ಯಬೇಕು. ಮೂರನೆಯ ಭೇಟಿಗೆ ಮುನ್ನ ಒಂದು ವಾರ ರಾತ್ರಿ ಊಟವಾದ ಮೇಲೆ ದಿನಕ್ಕೊಂದು ವಾದ್ಯದ ಧ್ವನಿಮುದ್ರಣವನ್ನು, ಚಿತ್ರ ತೋರಿಸದೆ, ಬರೀ ಕಿವಿಗೆ ಕೇಳಿಸಿದೆವು: ತಮಟೆ, ಡೊಳ್ಳು, ಕಂಸಾಳೆ, ಚೌಡಿಕೆ, ಕಿನ್ನರಿ. ಪ್ರತಿಯೊಂದೂ ಎರಡು ನಿಮಿಷ ಮೀರದಂತೆ. ಈ ಸದ್ದು ಮಾಡುವ ವಸ್ತು ಹೇಗಿರಬಹುದು ಎಂದು ಅವರೇ ಊಹಿಸಿ ಚಿತ್ರ ಬರೆದರು. ಮಗಳು ಚೌಡಿಕೆಯನ್ನು ಕಪ್ಪೆಯಂತೆ ಬರೆದಳು. ಕೆಟ್ಟ ಊಹೆಯೇನಲ್ಲ: ಒಂದು ಬದಿಗೆ ಚರ್ಮ ಬಿಗಿದ ಕೊಳಗದಂಥ ಮರದ ಒಡಲು, ಅದರ ನಡುವಿನಿಂದ ಎಳೆದ ಒಂದೇ ತಂತಿ, ಆ ತಂತಿಯನ್ನು ಬಿಗಿಮಾಡಿ ಸಡಿಲಿಸುತ್ತ ಮೀಟಿದರೆ ಹೊರಡುವ ದನಿ ಗಂಟಲುಬ್ಬಿಸಿ ಕೂಗಿದಂತೆಯೇ ಇರುತ್ತದೆ. ಯಲ್ಲಮ್ಮನ ಕಥೆಗಳನ್ನು ಹಾಡುವವರ ಕೈಯ ವಾದ್ಯವದು. ಅಲ್ಲಿ ಹೋಗಿ ನಿಜವಾದ ವಸ್ತುವನ್ನು ಕಂಡಾಗ ಅವಳು ಮೊದಲು ಹುಡುಕಿದ್ದು ಕಪ್ಪೆಯ ಬಾಯನ್ನು, ಆಮೇಲೆ ತಂತಿಯನ್ನು. ಹುಡುಕಲು ಒಂದು ಕಾರಣವಿದ್ದರೆ ಮಗು ಗಾಜಿನ ಮುಂದೆಯೂ ಐದು ನಿಮಿಷ ನಿಲ್ಲುತ್ತದೆ ಎಂಬುದನ್ನು ನಾವು ಆಗಲೇ ಕಂಡದ್ದು.

ಕಂಸಾಳೆಯನ್ನು ಇಲ್ಲಿ ಪ್ರತ್ಯೇಕವಾಗಿ ಹೇಳಬೇಕು. ಮಲೆ ಮಹದೇಶ್ವರನ ಭಕ್ತರಾದ ಗುಡ್ಡರು ಹಿಡಿಯುವ ಈ ಕಂಚಿನ ಜೋಡಿಯಲ್ಲಿ ಎಡಗೈಯದು ಬಟ್ಟಲು, ಬಲಗೈಯದು ಚಪ್ಪಟೆ ತಾಳ. ಎರಡೂ ಒಂದೇ ಆಕಾರದವಲ್ಲ ಎಂಬುದನ್ನು ಮಗ ತಾನೇ ಗಮನಿಸಿ, ಯಾಕೆ ಎಂದು ಕೇಳಿದ. ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಮನೆಗೆ ಬಂದ ಮೇಲೆ ಒಂದು ಸ್ಟೀಲ್ ಬಟ್ಟಲು ಮತ್ತು ಒಂದು ತಟ್ಟೆಯ ಮುಚ್ಚಳದಿಂದ ಪರೀಕ್ಷೆ ನಡೆಯಿತು. ಎರಡು ಮುಚ್ಚಳ ಬಡಿದರೆ ಸದ್ದು ಚಪ್ಪಟೆಯಾಗಿ ಸಾಯುತ್ತದೆ. ಬಟ್ಟಲಿಗೆ ಮುಚ್ಚಳ ತಾಗಿಸಿ ಬಿಟ್ಟರೆ ಒಳಗಿನ ಗಾಳಿಯಲ್ಲಿ ಸದ್ದು ತುಂಬಿಕೊಳ್ಳುತ್ತದೆ. ಬಟ್ಟಲನ್ನು ಬಿಗಿಯಾಗಿ ಅಂಗೈಯಲ್ಲಿ ಒತ್ತಿಹಿಡಿದರೆ ಮತ್ತೆ ಸಾಯುತ್ತದೆ. ನೆರೆಮನೆಯವರು ಬಂದು ವಿಚಾರಿಸುವವರೆಗೂ ಇದು ನಡೆಯಿತು. ತಮಟೆಯನ್ನು ಬಾರಿಸುವ ಮುನ್ನ ಬೆಂಕಿಗೆ ಹಿಡಿದು ಕಾಯಿಸುತ್ತಾರೆ ಎಂಬುದನ್ನೂ ಮಕ್ಕಳು ನಂಬಿರಲಿಲ್ಲ. ತೇವಕ್ಕೆ ಸಡಿಲಾದ ಚರ್ಮ ಕಾವಿಗೆ ಬಿಗಿದು ದನಿ ಏರುತ್ತದೆ ಎಂದರೆ ಏಳು ವರ್ಷದವನಿಗೆ ಅದು ವಿಜ್ಞಾನ, ಐದು ವರ್ಷದವಳಿಗೆ ಅದು ತಮಟೆಗೆ ಚಳಿಯಾಗುವುದು. ಎರಡಕ್ಕೂ ನನ್ನ ಒಪ್ಪಿಗೆಯಿದೆ.

ತಮಟೆಯ ವಿಷಯದಲ್ಲಿ ಇನ್ನೊಂದು ಮಾತನ್ನು ತೇಲಿಸಿ ಬಿಡುವುದು ಸರಿಯಲ್ಲ. ಇದನ್ನು ಯಾರು ಬಾರಿಸುತ್ತಿದ್ದರು ಎಂದು ಮಗು ಕೇಳಿಯೇ ಕೇಳುತ್ತದೆ. ಹಳ್ಳಿಯವರು ಎಂದು ಜಾರಿಕೊಳ್ಳುವುದು ಸುಲಭ. ಆದರೆ ಡೊಳ್ಳು ಬೀರಪ್ಪನ ಒಕ್ಕಲಾದ ಕುರುಬರದು, ತೊಗಲುಗೊಂಬೆ ಕಿಳ್ಳೇಕ್ಯಾತರದು, ಮಂಟೇಸ್ವಾಮಿಯ ಕಥೆಯನ್ನು ತಂಬೂರಿಗೆ ಹಾಡುವುದು ನೀಲಗಾರರದು; ತಮಟೆಯನ್ನು ಊರ ಹಬ್ಬಕ್ಕೂ ಸಾವಿಗೂ ಬಡಿಯಬೇಕಾದ ಹೊಣೆ ದಲಿತರ ಮೇಲೆ ಹೊರಿಸಲ್ಪಟ್ಟಿತ್ತು, ಹಾಗೆ ಬಡಿದವರನ್ನು ಗುಡಿಯ ಹೊರಗೇ ನಿಲ್ಲಿಸಲಾಗುತ್ತಿತ್ತು. ಇಷ್ಟನ್ನೂ ಐದು ವರ್ಷಕ್ಕೆ ಹೇಳಲಾಗದು. ನಾನು ಹೇಳಿದ್ದು ಇಷ್ಟು: ಎಲ್ಲರಿಗಿಂತ ಚೆನ್ನಾಗಿ ಇದನ್ನು ಬಾರಿಸಬಲ್ಲವರನ್ನು ಆಗ ಕೆಲವರು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿರಲಿಲ್ಲ. ಮಗ ತುಸು ಹೊತ್ತು ಸುಮ್ಮನಿದ್ದು, 'ಅವರಿಗೆ ಸಿಟ್ಟು ಬರ್ತಿರಲಿಲ್ವಾ?' ಎಂದ. ಬರುತ್ತಿತ್ತು ಎಂದೆ. ಸಂಸ್ಕೃತಿಯನ್ನು ಬರೀ ಬಣ್ಣ, ಕುಣಿತ, ಸಂಭ್ರಮವಾಗಿ ಮಕ್ಕಳ ಕೈಗಿಡುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ. ಜಾನಪದ ಲೋಕದಂಥ ಕಡೆ ವಸ್ತು ಕಣ್ಣೆದುರೇ ಇರುವುದರಿಂದ ಈ ಮಾತು ಉಪದೇಶವಾಗದೆ ಒಂದು ಪ್ರಶ್ನೆಯ ಉತ್ತರವಾಗಿ ಬರುತ್ತದೆ.

ಗೊಂಬೆಗಳ ಬಳಿ ಸ್ವಲ್ಪ ಎಚ್ಚರ ಬೇಕು. ಸೋಮನ ಕುಣಿತದ ದೊಡ್ಡ ಮುಖಗಳು, ಕೆಂಪು ಮತ್ತು ಹಳದಿ ಬಣ್ಣದವು, ಉಬ್ಬಿದ ಕಣ್ಣಿನವು, ಎಳೆಯ ಮಕ್ಕಳನ್ನು ಹೆದರಿಸುತ್ತವೆ. ನಮ್ಮ ಮಗಳು ಮೊದಲ ಸಲ ಅಳಲು ಅವೂ ಕಾರಣವಾಗಿದ್ದವು. ಮತ್ತೊಮ್ಮೆ ಅವನ್ನು ಕಂಡಾಗ ಅಜ್ಜಿ, 'ಊರಮ್ಮನ ಕಾವಲಿನೋರು ಕಣವ್ವ, ಕಳ್ಳರನ್ನ ಹೆದರಿಸಾಕೆ ಹಂಗೆ ಮುಖ ಮಾಡ್ಕೊಂಡವ್ರೆ' ಎಂದ ಮೇಲೆ ತಾನೂ ಕಣ್ಣು ಬಿಟ್ಟು ಹಲ್ಲು ತೋರಿಸಿ ಎದುರು ನಿಂತಳು. ತೊಗಲುಗೊಂಬೆಗಳ ತೊಂದರೆ ಬೇರೆ. ಬಣ್ಣ ಹಾಕಿದ ತೆಳ್ಳನೆಯ ಚರ್ಮದ ಹಿಂದೆ ದೀಪವಿದ್ದು, ಮುಂದೆ ಬಿಳಿಯ ಪರದೆಯಿದ್ದಾಗ ಮಾತ್ರ ಅವಕ್ಕೆ ಜೀವ. ಆಟವಿಲ್ಲದ ದಿನ ಗೋಡೆಯ ಮೇಲೆ ಕಾಣುವುದು ಗೊಂಬೆಯ ಅಂಗಿಯಷ್ಟೆ. ಮನೆಯಲ್ಲಿ ಇದಕ್ಕೊಂದು ಉಪಾಯ ಮಾಡಿದೆವು: ಸಾಧಾರಣ ಬಿಳಿ ಹಾಳೆಯಲ್ಲಿ ಗೊಂಬೆ ಬರೆದು, ಬಣ್ಣ ತುಂಬಿ, ಹಿಂಬದಿಗೆ ಹತ್ತಿಯಿಂದ ಒಂದು ಹನಿ ಅಡುಗೆ ಎಣ್ಣೆ ಸವರಿದೆವು. ಎಣ್ಣೆ ಕುಡಿದ ಹಾಳೆ ಬೆಳಕನ್ನು ಬಿಡುತ್ತದೆ, ಬಣ್ಣ ಪರದೆಯ ಮೇಲೆ ಇಳಿಯುತ್ತದೆ. ಪರದೆಗೆ ಹಳೆಯ ಪಂಚೆ, ದೀಪಕ್ಕೆ ಟಾರ್ಚು. ಪೊರಕೆ ಕಡ್ಡಿಗೆ ಕಟ್ಟಿದ ಆ ಗೊಂಬೆ ಪರದೆಗೆ ಅಂಟಿಕೊಂಡರೆ ಚೊಕ್ಕವಾಗಿ, ಹಿಂದೆ ಸರಿದರೆ ದೊಡ್ಡದಾಗಿ ಮಸುಕಾಗಿ ಕಾಣುತ್ತದೆ ಎಂಬುದನ್ನು ಕಂಡುಕೊಂಡ ಮಗಳು ಅಂದಿನಿಂದ ರಾಕ್ಷಸರನ್ನೆಲ್ಲ ದೂರದಿಂದಲೇ ಆಡಿಸುತ್ತಾಳೆ.

ಸ್ಥಳೀಯ ಇತಿಹಾಸಕ್ಕೆ ಇಡೀ ಆವರಣದಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ತೋರಿದ್ದು, ಹೆಚ್ಚಿನವರು ಬೇಗ ದಾಟಿಹೋಗುವ ಶಿಲ್ಪಮಾಳ. ಬಯಲಲ್ಲಿ ನಿಲ್ಲಿಸಿದ ಕಲ್ಲುಗಳು, ಅವುಗಳಲ್ಲಿ ವೀರಗಲ್ಲುಗಳು. ಓದಲು ಬಾರದ ಮಗುವಿಗಾಗಿಯೇ ಮಾಡಿದಂತಿವೆ ಅವು, ಏಕೆಂದರೆ ಮಾಡಿಸಿದ ಕಾಲದಲ್ಲೂ ನೋಡುವವರಲ್ಲಿ ಹೆಚ್ಚಿನವರಿಗೆ ಓದು ಬರುತ್ತಿರಲಿಲ್ಲ. ಸಾಮಾನ್ಯವಾಗಿ ಮೂರು ಪಟ್ಟಿಕೆ. ಕೆಳಗಿನಿಂದ ಮೇಲಕ್ಕೆ ನೋಡಬೇಕು. ತಳದಲ್ಲಿ ಕಾಳಗ, ನಡುವೆ ಮಡಿದ ವೀರನನ್ನು ಅಪ್ಸರೆಯರು ಎತ್ತಿಕೊಂಡು ಹೋಗುವುದು, ತುದಿಯಲ್ಲಿ ಅವನು ದೇವರ ಸನ್ನಿಧಿಯಲ್ಲಿ ಕುಳಿತಿರುವುದು. ನೆತ್ತಿಯಲ್ಲಿ ಸೂರ್ಯ ಚಂದ್ರ, ಅವು ಇರುವ ತನಕ ಈ ಹೆಸರು ಇರಲಿ ಎಂಬ ಗುರುತಿಗೆ. ಹಸುಗಳು ಕೆತ್ತಿದ್ದರೆ ಆತ ತುರುಗೋಳಿನಲ್ಲಿ, ಅಂದರೆ ದನ ಹೊಡೆದುಕೊಂಡು ಹೋಗುವವರನ್ನು ತಡೆಯುತ್ತ ಸತ್ತವನು. ಇಷ್ಟು ಕೀಲಿ ಕೈಗೆ ಕೊಟ್ಟರೆ ಸಾಕು, ಮಗು ಉಳಿದದ್ದನ್ನು ತಾನೇ ಬಿಡಿಸಿ ಓದುತ್ತದೆ. ಮಗ ಒಂದು ಕಲ್ಲಿನ ಮುಂದೆ ನಿಂತು, ಸತ್ತವನ ಕೈಯ ಕತ್ತಿ ಮೇಲಿನ ಪಟ್ಟಿಕೆಯಲ್ಲಿ ಯಾಕೆ ಇಲ್ಲ ಎಂದು ಕೇಳಿದ. ಅಲ್ಲಿ ಜಗಳ ಇಲ್ಲವಲ್ಲ ಎಂದು ಉತ್ತರ ಕೊಟ್ಟವಳು ಅವನ ತಂಗಿ.

ಶಿಲ್ಪಮಾಳದ ಪಾಠ ಅಲ್ಲಿಗೆ ನಿಲ್ಲಲಿಲ್ಲ ಎಂಬುದೇ ನಾನು ಅದಕ್ಕೆ ಹೆಚ್ಚು ಅಂಕ ಕೊಡಲು ಕಾರಣ. ಬೆಂಗಳೂರು ಮತ್ತು ಸುತ್ತಲಿನ ಹಳೆಯ ಊರುಗಳಲ್ಲಿ ಕೆರೆಯ ಏರಿಯ ಮೇಲೆ, ಗುಡಿಯ ಮಗ್ಗುಲಲ್ಲಿ, ಅಪಾರ್ಟ್‌ಮೆಂಟಿನ ಕಾಂಪೌಂಡಿಗೆ ಒರಗಿ ಇಂಥ ಕಲ್ಲುಗಳು ಇಂದಿಗೂ ಇವೆ. ಒಮ್ಮೆ ನೋಡಲು ಕಲಿತ ಮಕ್ಕಳು ಅವನ್ನು ದಾರಿಯಲ್ಲೇ ಹಿಡಿಯುತ್ತಾರೆ. ನಾವು ಎಷ್ಟೋ ವರ್ಷ ದಾಟಿಹೋದ ಒಂದು ಕಲ್ಲನ್ನು, ಅರಿಶಿನ ಕುಂಕುಮ ಮೆತ್ತಿ ಆಕಾರವೇ ತಿಳಿಯದಂತಾಗಿದ್ದುದನ್ನು, ಮಗ ಸ್ಕೂಟರಿನ ಮುಂದೆ ನಿಂತಿದ್ದವನು ತಟ್ಟನೆ ತೋರಿಸಿದ. ಆಮೇಲೆ ಬೇಗೂರಿಗೂ ಹೋದೆವು. ಅಲ್ಲಿನ ದೇಗುಲದ ಆವರಣದ ಸುಮಾರು 9ನೇ ಶತಮಾನದ ಶಾಸನದಲ್ಲಿ ಬೆಂಗಳೂರ ಕಾಳಗದ ಉಲ್ಲೇಖವಿದೆ. ಹೊಯ್ಸಳ ವೀರಬಲ್ಲಾಳನಿಗೆ ಮುದುಕಿ ಬೆಂದ ಕಾಳು ಕೊಟ್ಟಳು, ಅದರಿಂದ ಬೆಂದಕಾಳೂರು ಆಯಿತು ಎಂಬ ಕಥೆಯನ್ನು ಮಗ ಆಗಲೇ ಕೇಳಿದ್ದ. ಆ ರಾಜ ಬರುವುದಕ್ಕೂ ಕೆಲವು ನೂರು ವರ್ಷ ಮೊದಲೇ ಕಲ್ಲಿನ ಮೇಲೆ ಈ ಹೆಸರಿದೆ ಎಂದಾಗ ಅವನಿಗೆ ಸಿಟ್ಟೇ ಬಂತು. ಹಾಗಾದರೆ ಮುದುಕಿ ಸುಳ್ಳಾ ಎಂದ. ಕಥೆ ಒಂದು ಬಗೆಯ ನೆನಪು, ಕಲ್ಲು ಇನ್ನೊಂದು ಬಗೆಯದು ಎಂದು ನಾನು ತಡವರಿಸಿದೆ. ಅವನ ತೀರ್ಪು: ಮುದುಕಿ ಇದ್ದಳು, ಆದರೆ ಊರಿಗೆ ಹೆಸರು ಮೊದಲೇ ಇತ್ತು.

ದೊಡ್ಡಮನೆ ಮತ್ತು ಆಯಗಾರಮಾಳಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗಾಣ, ಗಾಡಿ, ಕುಂಬಾರನ ತಿಗರಿಗಳು ಇಷ್ಟವಾಗುವ ವಸ್ತುಗಳೇ, ಆದರೆ ಅವು ತಿರುಗುವುದನ್ನು ಒಮ್ಮೆಯೂ ಕಾಣದ ಮಕ್ಕಳಿಗೆ ಅವುಗಳ ಉಪಯೋಗ ಹೊಳೆಯಲು ಎಂಟು ಒಂಬತ್ತು ವರ್ಷವಾಗಬೇಕು. ಚಿತ್ರ ಕುಟೀರದ ಛಾಯಾಚಿತ್ರಗಳೂ ಹಾಗೆಯೇ, ಅವು ದೊಡ್ಡವರಿಗೆ. ವರ್ಷಕ್ಕೊಮ್ಮೆ ನಡೆಯುವ ಲೋಕೋತ್ಸವದಲ್ಲಿ ಕಲಾವಿದರೇ ಬಂದು ಕುಣಿಯುತ್ತಾರೆ, ಬಾರಿಸುತ್ತಾರೆ. ವಾದ್ಯ ಕೇಳಬೇಕೆನ್ನುವವರು ಆ ದಿನಗಳನ್ನು ವಿಚಾರಿಸಿಕೊಂಡು ಹೋಗುವುದು ಮೇಲು, ಆದರೆ ಮೂರು ವರ್ಷದೊಳಗಿನ ಕೂಸಿಗೆ ಹತ್ತಾರು ಡೊಳ್ಳಿನ ಸದ್ದು ಎದೆಗೇ ಬಡಿಯುತ್ತದೆ ಎಂಬುದನ್ನು ನೆನಪಿಡಿ, ದೂರದಲ್ಲೇ ಕುಳಿತುಕೊಳ್ಳಿ.

ಮಕ್ಕಳ ಕೈಗೆ ಸದ್ದನ್ನೇ ಕೊಡುವ ಜಾಗ ಬೇಕೆಂದರೆ ಬೆಂಗಳೂರಿನ ಜೆ. ಪಿ. ನಗರದಲ್ಲಿ 2019ರಲ್ಲಿ ತೆರೆದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯೆನ್ಸ್ ಸಂಗ್ರಹಾಲಯವಿದೆ. ಅದರ ಹೊರಾಂಗಣದ ನಾದದ ತೋಟದಲ್ಲಿ ಬಡಿದು, ತಟ್ಟಿ ನಾದ ಹೊರಡಿಸುವ ರಚನೆಗಳಿವೆ. ಸದ್ದು ಎಲ್ಲಿಂದ ಹುಟ್ಟುತ್ತದೆ ಎಂಬ ಕುತೂಹಲಕ್ಕೆ ಅದು ತಕ್ಕ ಉತ್ತರ. ಜಾನಪದ ಲೋಕ ಉತ್ತರಿಸುವ ಪ್ರಶ್ನೆಯೇ ಬೇರೆ: ಆ ಸದ್ದನ್ನು ಯಾರು, ಯಾವ ಕೆಲಸದ ನಡುವೆ, ಯಾರಿಗಾಗಿ ಮಾಡುತ್ತಿದ್ದರು. ಒಂದನ್ನೇ ಆರಿಸಬೇಕೆಂದರೆ ನಾಲ್ಕು ವರ್ಷದವರಿಗೆ ಮೊದಲನೆಯದು, ಆರು ದಾಟಿದವರಿಗೆ ಎರಡನೆಯದು ಎನ್ನುತ್ತೇನೆ. ಚನ್ನಪಟ್ಟಣವನ್ನು ಸೇರಿಸಿಕೊಳ್ಳಬಹುದು, ಅದು ಅಲ್ಲಿಂದ ಹತ್ತಿರ. ಅಂಗಡಿಗಿಂತ ಮೊದಲು ಆಟಿಕೆ ಮಾಡುವ ಮನೆಯೊಂದಕ್ಕೆ ಹೋಗಿ, ತಿರುಗುವ ಹಾಲೆ ಮರದ ತುಂಡಿಗೆ ಅರಗಿನ ಕಡ್ಡಿ ಒತ್ತಿದಾಗ ಉಜ್ಜಿದ ಬಿಸಿಗೇ ಬಣ್ಣ ಕರಗಿ ಹತ್ತುವುದನ್ನೂ, ಮೇಲೆ ಒಣ ತಾಳೆಗರಿ ಒತ್ತಿದೊಡನೆ ಅದು ಹೊಳೆಯುವುದನ್ನೂ ತೋರಿಸಿ. ನಮ್ಮ ಮಗಳು ಅಲ್ಲಿ ಕೊಂಡ ಗಿಲಕಿಯನ್ನು ಕಿವಿಗೆ ಹಿಡಿದು ಅಲ್ಲಾಡಿಸುತ್ತ, ಒಳಗೆ ಎಷ್ಟು ಕಾಳಿವೆ ಎಂದು ಎಣಿಸಲು ಯತ್ನಿಸುತ್ತ ಊರು ಸೇರಿದಳು.

ಹೋಗುವವರಿಗೆ ಕೆಲವು ಮಾತು. ಬೆಂಗಳೂರಿನಿಂದ ಐವತ್ತು ಕಿಲೋಮೀಟರಿಗೆ ತುಸು ಹೆಚ್ಚು ದೂರ. ಹೊಸ ಎಕ್ಸ್‌ಪ್ರೆಸ್‌ವೇ ರಾಮನಗರ, ಚನ್ನಪಟ್ಟಣಗಳನ್ನು ಬದಿಗಿಟ್ಟು ಹೋಗುವುದರಿಂದ ಅದರಲ್ಲೇ ಸಾಗಿದರೆ ಜಾನಪದ ಲೋಕ ಸಿಗುವುದಿಲ್ಲ, ಹಳೆಯ ಮೈಸೂರು ರಸ್ತೆಗೆ ಇಳಿಯಬೇಕು. ಮಕ್ಕಳಿಗೆ ಮೆಚ್ಚುಗೆಯಾಗುವುದು ರೈಲು: ಮೈಸೂರಿನ ಕಡೆಯ ರೈಲಿನಲ್ಲಿ ರಾಮನಗರದಲ್ಲಿ ಇಳಿದು ಆಟೋ ಹಿಡಿದರಾಯಿತು, ಕಿಟಕಿಯಲ್ಲಿ ರಾಮನಗರದ ಬಂಡೆಬೆಟ್ಟಗಳೂ ಕಾಣುತ್ತವೆ. ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ತಲುಪಿ, ಬಿಸಿಲೇರುವ ಮುನ್ನ ಶಿಲ್ಪಮಾಳ ಮುಗಿಸಿ, ಆಮೇಲೆ ಒಂದೇ ಒಂದು ಕಟ್ಟಡದ ಒಳಗೆ ಹೋಗಿ. ವಾರದ ರಜೆಯ ದಿನವನ್ನು ಫೋನ್ ಮಾಡಿ ತಿಳಿದುಕೊಳ್ಳಿ. ಎಳೆಗೂಸಿನ ತಳ್ಳುಗಾಡಿಗಿಂತ ಸೊಂಟವೇ ವಾಸಿ, ಮೆಟ್ಟಿಲುಗಳಿವೆ. ಕಾಗದ, ಪೆನ್ಸಿಲ್ ಇರಲಿ. ಫೋಟೋ ತೆಗೆಯುವ ಕೆಲಸವನ್ನು ಕೊನೆಯ ಹತ್ತು ನಿಮಿಷಕ್ಕೆ ಇಟ್ಟುಕೊಳ್ಳಿ. ಅದೇ ದಿನ ಮೈಸೂರಿನ ಅರಮನೆಯನ್ನೂ ನೋಡುವ ಯೋಜನೆಯಿದ್ದರೆ ಇಲ್ಲಿ ಇಳಿಯದಿರುವುದೇ ಒಳ್ಳೆಯದು.

ನಾಲ್ಕನೆಯ ಭೇಟಿ ಯುಗಾದಿ ಕಳೆದ ಮೇಲೆ. ಈ ಸಲದ ಕಟ್ಟಡವನ್ನು ಮಗಳು ಆರಿಸಬೇಕೆಂದು ಒಪ್ಪಂದವಾಗಿತ್ತು, ಅವಳು ಮತ್ತೆ ಲೋಕಮಾತಾ ಮಂದಿರವನ್ನೇ ಹೇಳಿದ್ದಾಳೆ. ವಾಡೆಯ ತೂತಿಗೆ ಗಿಡಿಯಲು ಒಂದು ಬಟ್ಟೆಯ ಉಂಡೆಯನ್ನೂ ಮಾಡಿಟ್ಟುಕೊಂಡಿದ್ದಾಳೆ. ಅಲ್ಲಿ ಮುಟ್ಟುವಂತಿಲ್ಲ ಎಂದು ಅಜ್ಜಿಯೇ ಹೇಳಲಿ ಎಂದು ನಾನು ಸುಮ್ಮನಿದ್ದೇನೆ.